ಕಲೆಯಿಲ್ಲದ ಕೊಳವೆ

ಬೆಳಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದಾಗ ಮೇಜಿನ ಮೇಲೆ ಆಂಟೆನಾ ಇತ್ತು. ಅದರೊಳಗಿನ ಲೋಹ ಮಾತ್ರ ಮಾಯವಾಗಿತ್ತು.

ಅದು ಅಂಗೈಯಗಲದ, ಬಾಗುವ ಪ್ಲಾಸ್ಟಿಕ್ ತುಂಡು. ಯಂತ್ರದಲ್ಲಿ ಪದರದ ಮೇಲೆ ಪದರ ಮುದ್ರಿಸಿ, ಒಳಗೆ ದಾರದಷ್ಟು ಸಣ್ಣ ಕೊಳವೆಗಳನ್ನು ಬಿಟ್ಟು, ಅವುಗಳಿಗೆ ನೀರಿನಂತೆ ಹರಿಯುವ ಬೆಳ್ಳಿಬಣ್ಣದ ಲೋಹವನ್ನು ಸಿರಿಂಜಿನಿಂದ ತುಂಬಿದ್ದರು. ಬಗ್ಗಿಸಿದರೂ ರೇಡಿಯೋ ಅಲೆ ಹಿಡಿಯುವ ಆಂಟೆನಾ. ಮರುದಿನ ಪರೀಕ್ಷಕರು ಬರುವವರಿದ್ದರು. ಇದ್ದ ಲೋಹವೆಲ್ಲ ಅದಕ್ಕೇ ಮುಗಿದು, 'ಅಲ್ಯೂಮಿನಿಯಂಗೆ ತಾಗಿಸಬೇಡಿ' ಎಂಬ ಕೆಂಪು ಚೀಟಿಯ ಬಾಟಲಿ ಬರಿದಾಗಿ ನಿಂತಿತ್ತು.

"ನಮಗಿಂತ ಮುಂಚೆ ಒಳಗೆ ಬಂದಿರೋದು ಗುಡಿಸೋಳು ಒಬ್ಬಳೇ," ಎಂದಳು ಉಗ್ರಾಣದ ಗುಮಾಸ್ತೆ. "ಬೆಳ್ಳಿ ಅಂದ್ಕೊಂಡಿರ್ಬೇಕು."

ಹಿಂದುಮುಂದು ನೋಡದೆ ಆಡಿದ ಮಾತು. ನಿರ್ದೇಶಕರು ಅದನ್ನೇ ಹಿಡಿದುಕೊಂಡು, ಗುಡಿಸುವಾಕೆಯ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರಿಸಿದರು. ಬಾಚಣಿಗೆ, ಬೀಗದ ಕೈ, ತಲೆನೋವಿನ ಮಾತ್ರೆ, ಅಷ್ಟೇ. ಆದರೂ ಆಕೆಯನ್ನು ಮನೆಗೆ ಕಳಿಸಿದರು. ಆಕೆ ನೆಲಕ್ಕೆ ಬಿದ್ದ ಮಾತ್ರೆ ಆಯ್ದುಕೊಳ್ಳುವಾಗ ಗುಮಾಸ್ತೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು.

ಆ ಕಟ್ಟಡದಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವರು ಉಗ್ರಾಣದ ಮೇಲ್ವಿಚಾರಕರು. ಎಲ್ಲರ ಬಾಯಲ್ಲೂ 'ತಕ್ಕಡಿ ತಾತ'. ಎಂಟು ವರ್ಷದಿಂದ ಗುಮಾಸ್ತೆ ಅವರ ಬೆನ್ನಿಗೇ ಇದ್ದಳು. ಹಲ್ಲು ಕೀಳಿಸಿಕೊಂಡು ತಡವಾಗಿ ಬಂದ ತಾತ ಎಲ್ಲವನ್ನೂ ಕೇಳಿ, ಆಂಟೆನಾವನ್ನು ಬೆಳಕಿಗೆ ಹಿಡಿದರು. ಕೊಳವೆಗಳು ತೊಳೆದಿಟ್ಟ ಗಾಜಿನಂತಿದ್ದವು. ಆಮೇಲೆ ಸಿರಿಂಜಿನ ತುದಿಯಲ್ಲಿದ್ದ ಒಂದು ಹನಿಯನ್ನು, ಹಿಂದೆ ಮುದ್ರಿಸಿ ಬಿಸಾಡಿದ್ದ ತುಂಡೊಂದರ ಕೊಳವೆಗೆ ಬಿಟ್ಟು, ಮತ್ತೆ ಹೀರಿದರು. ಬೂದುಬಣ್ಣದ ಪೊರೆ ಉಳಿಯಿತು. ಗುಮಾಸ್ತೆ ಎಷ್ಟು ತೊಳೆದರೂ ಹೋಗಲಿಲ್ಲ. ಮುದ್ರಣಯಂತ್ರ ಹಿಂದಿನ ಸಂಜೆ ಐದು ತಾಸು ಓಡಿತ್ತೆಂದು ಅದರ ದಾಖಲೆ ಹೇಳುತ್ತಿತ್ತು.

ಬೆಳಗಿನಿಂದ ಏನೇನು ಕಂಡೆ ಎಂದು ತಾತ ಅವಳನ್ನು ಕೇಳಿದರು. ಆಂಟೆನಾ ತಯಾರಿಸಿದ್ದ ಎಂಜಿನಿಯರ್ ತನ್ನ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಹಿಡಿಕೆಯಿಂದ ಎತ್ತದೆ, ಮಗುವಿನ ಹಾಗೆ ಎದೆಗವಚಿಕೊಂಡು ಬಂದದ್ದು ಅವಳಿಗೆ ನೆನಪಾಯಿತು.

ಮಧ್ಯಾಹ್ನ ತಾತ ನಿರ್ದೇಶಕರನ್ನೂ ಎಂಜಿನಿಯರನ್ನೂ ಮುದ್ರಣಯಂತ್ರ ನಡೆಸುವಾಕೆಯನ್ನೂ ಕೂರಿಸಿದರು.

"ಇದು ಆ ಆಂಟೆನಾನೇ ಅಲ್ಲ," ಎಂದರು. "ಲೋಹ ಒಂದ್ಸಲ ಹೊಕ್ಕ ಕೊಳವೇಲಿ ಕಲೆ ಉಳಿಯುತ್ತೆ. ಇದರಲ್ಲಿಲ್ಲ. ಇದನ್ನ ನಿನ್ನೆ ಸಂಜೆ ಹೊಸದಾಗಿ ಮುದ್ರಿಸಿದ್ದಾರೆ."

ಕದ್ದವರು ಹೊಸ ತುಂಡನ್ನೇಕೆ ಇಡಬೇಕು ಎಂದು ನಿರ್ದೇಶಕರು ಕೇಳಿದರು. ಕದ್ದವರು ಇಡುವುದಿಲ್ಲ, ಒಡೆದವರು ಇಡುತ್ತಾರೆ ಎಂದರು ತಾತ. ಬಿರುಕುಬಿಟ್ಟ ತುಂಡು ಸಿಕ್ಕರೆ ಮಿತಿಮೀರಿ ಬಗ್ಗಿಸಿದ್ದು ಯಾರೆಂದು ಕೇಳುತ್ತಾರೆ. ಸರಿಯಾಗಿರುವ ತುಂಡು ಖಾಲಿಯಿದ್ದರೆ ಕಳ್ಳರನ್ನು ಹುಡುಕುತ್ತಾರೆ. ಯಂತ್ರ ನಡೆಸಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬರ ಪೆಟ್ಟಿಗೆ ಮಾತ್ರ ಅಲ್ಯೂಮಿನಿಯಂನದು.

ತಾತ ಆ ಪೆಟ್ಟಿಗೆಯ ಗೀರುಬಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಒಳಗಿಟ್ಟಿದ್ದ ಒಡೆದ ಆಂಟೆನಾದಿಂದ ಸೋರಿದ ಲೋಹ ತಿಂದುಹಾಕಿದ್ದ ತಗಡು ಬಿಸ್ಕತ್ತಿನಂತೆ ಮುರಿಯಿತು.

"ಗೆಳೆಯನಿಗೆ ತೋರಿಸೋಕೆ ಹೋಗಿ ಬಗ್ಗಿಸಿದೆ," ಎಂದ ಎಂಜಿನಿಯರ್, ತಲೆಯೆತ್ತದೆ. "ಆಯಮ್ಮನ ಮೇಲೆ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಬಂದಾಗ ಬಾಯಿ ಬರ್ಲಿಲ್ಲ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ತನ್ನ ಕಡೆ ಯಾರೂ ನೋಡದಿದ್ದುದೇ ಗುಮಾಸ್ತೆಗೆ ಸಹಿಸಲಾಗಲಿಲ್ಲ. ಅವನು ಸುಮ್ಮನಿದ್ದ, ಆಡಿದವಳು ತಾನು. ನಿರ್ದೇಶಕರು ಗುಡಿಸುವಾಕೆಗೆ ಹೇಳಿಕಳಿಸೋಣ ಎಂದಾಗ, ತಾನೇ ಹೋಗುತ್ತೇನೆಂದು ಎದ್ದಳು.

ಎರಡು ಬೀದಿಯಾಚೆ, ಮಹಡಿಯ ಮೇಲೆ ಒಂದೇ ಕೋಣೆಯ ಮನೆ. ಗುಡಿಸುವಾಕೆ ಬಾಗಿಲು ತೆಗೆದೊಡನೆ ಗುಮಾಸ್ತೆ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು, ಹೊಸ್ತಿಲಾಚೆಯಿಂದಲೇ ಹೇಳಿದಳು.

"ತಪ್ಪಾಯ್ತು ಕಣಮ್ಮಾ. ನಿನ್ ಹೆಸರು ಹೇಳಿದ್ದು ನಾನೇ. ಲೋಹ ಯಾರೂ ಕದ್ದಿಲ್ಲ, ಕೆಲಸಕ್ಕೆ ಬಾ."

"ಕೇಳಿಸ್ತು ಅಕ್ಕಾ, ಅಲ್ಲೇ ಇದ್ನಲ್ಲ." ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಕೆಲಸಕ್ಕೆ ಬರ್ತೀನಿ, ಅದಲ್ಲ. ಯಾಕಮ್ಮಾ ಇಷ್ಟು ಬೇಗ ಬಂದೆ ಅಂತ ಮಗಳು ಕೇಳಿದ್ಲು. ನಂಗೆ ಹೇಳೋಕಾಗ್ಲಿಲ್ಲ. ನೀವೇ ಹೇಳಿ."

ಒಳಗೆ ಏಳೆಂಟು ವರ್ಷದ ಹುಡುಗಿ ಪುಸ್ತಕದಿಂದ ತಲೆಯೆತ್ತಿದಳು. ಗುಮಾಸ್ತೆ ಚಪ್ಪಲಿ ಬಿಟ್ಟು, ಅವಳೆದುರು ನೆಲದ ಮೇಲೆ ಕುಳಿತು, ಮೊದಲಿನಿಂದ ಹೇಳತೊಡಗಿದಳು.