ಮಗ್ಗ ನಿಂತಿದೆ ಅಂತ ಬರೆದವನು

"ಇದ್ನ ಬರ್ದೋರು ಯಾರು?"

ಕೃತ್ತಿಕಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಪಟ್ಟಣ ಪಂಚಾಯಿತಿ ಕಚೇರಿಯಲ್ಲಿದ್ದವರೆಲ್ಲ ತಲೆಯೆತ್ತಿದರು.

ಗುಮಾಸ್ತ ಕುಮರೇಶನ್ ಪರದೆ ನೋಡಿದ. ಪಂಚಾಯಿತಿಯ ವೆಬ್‌ಸೈಟಿಗೆಂದು ಅವನೇ ಬರೆದ ಊರಿನ ಪರಿಚಯ. ಆನೈಮಲೈ ತಪ್ಪಲು, ತೆಂಗಿನ ತೋಪು, ವಾರದ ಸಂತೆ... ಕೊನೆಗೊಂದು ಸಾಲು: 'ಒಂದು ಕಾಲಕ್ಕೆ ಇಲ್ಲಿ ಸೀರೆ ನೇಯುತ್ತಿದ್ದರು. ಈಗ ಮಗ್ಗಗಳು ನಿಂತಿವೆ.'

"ನಾನೇ."

"ನಮ್ಮ ಬೀದೀಲಿ ಇಪ್ಪತ್ತೆರಡು ಮಗ್ಗ ಓಡ್ತದೆ. ನಿಮ್ಗೆ ಕಿವಿ ಇಲ್ಲೆಯಾ?"

ಅವನಿಗೂ ರೇಗಿತು. ಬೀದಿಯುದ್ದಕ್ಕೂ ನಡೆದೆ, ಒಂದು ಲಾಳಿಯ ಸದ್ದೂ ಕೇಳಲಿಲ್ಲ ಎಂದು ವಾದಿಸಿದ. ಅಂದು ತೆಗೆದ ಫೋಟೋ ತೋರಿಸಿದ. ಅವಳು ತಾರೀಕು ನೋಡಿದಳು.

"ಅಮಾಸೆ! ಅಮಾಸೆ ದಿನ ನಾವು ಮಗ್ಗ ಮುಟ್ಟಲ್ಲ. ಯಾರ್ನಾದ್ರೂ ಒಂದ್ ಮಾತು ಕೇಳಿದ್ರೆ ಬಾಯಿ ಸವೀತಿತ್ತಾ?"

ಅವನದು ಬೇಸಾಯದ ಮನೆ. ಅಮಾವಾಸ್ಯೆಯೆಂದು ತೋಟಕ್ಕೆ ನೀರು ನಿಲ್ಲಿಸಿದವರಲ್ಲ. ಇದು ಅವನಿಗೆ ಹೊಳೆದೇ ಇರಲಿಲ್ಲ.

ಆ ಒಂದು ಸಾಲನ್ನು ಓದಿ, ಕೊಯಮತ್ತೂರಿನ ಸೀರೆ ಅಂಗಡಿಯ ಸೆಲ್ಲಪ್ಪನ್ ಈ ವರ್ಷದ ಮದುವೆ ಸೀರೆಗಳ ನೇಯ್ಗೆಯನ್ನು ಬೇರೆ ಊರಿಗೆ ಕೊಡತೊಡಗಿದ್ದರು. ಕೃತ್ತಿಕಾಳ ಅಪ್ಪ ಮಾರಿಮುತ್ತು ಎರಡು ದಿನ ಮಗ್ಗದ ಹತ್ತಿರ ಹೋಗಿರಲಿಲ್ಲ. ಮೂರನೆಯ ದಿನ, ಮಗ್ಗ ಬಿಚ್ಚೋಣ, ನೀನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗು ಎಂದಿದ್ದರು.

ಹನ್ನೆರಡನೇ ವಯಸ್ಸಿನಿಂದ ಅವಳು ಕೂತ ಮಗ್ಗ...

"ಈಗ್ಲೇ ತಿದ್ತೀನಿ," ಎಂದ ಕುಮರೇಶನ್, ಮೆಲ್ಲಗೆ.

"ನಮ್ಮಪ್ಪನ ಮುಖ ತಿದ್ದಕ್ಕಾಗ್ತದಾ?"

ಅವಳು ಹೊರಟುಬಿಟ್ಟಳು. ಛೆ, ಇಂಥವನ ಮುಂದೆ ಕಣ್ಣು ಒದ್ದೆಯಾಗಬಾರದಿತ್ತು!

ಭಾನುವಾರ ಬೆಳಗ್ಗೆ, ಕೃತ್ತಿಕಾಳ ಮನೆಯವರು ತಮ್ಮ ಕೊನೆಯ ಹಾಸನ್ನು, ಸೀರೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಗಂಜಿ ಹಚ್ಚುತ್ತಿದ್ದರು. ಹುಡುಗರೆಲ್ಲ ತಿರುಪ್ಪೂರಿನಲ್ಲಿ; ಒಂದು ತುದಿ ಹಿಡಿಯಲು ಜನವಿಲ್ಲ.

ಆಗ ಕುಮರೇಶನ್ ಬಂದ. ಜೊತೆಗೆ ಸೆಲ್ಲಪ್ಪನ್. ಮೂರು ದಿನ ಅಂಗಡಿಯ ಬಾಗಿಲಲ್ಲಿ ಕೂತು ಅವರನ್ನು ಒಪ್ಪಿಸಿ ಕರೆತಂದಿದ್ದ. ತಪ್ಪು ಬರೆದವನು ತಾನೇ ಎಂದು ಬೀದಿಯವರೆದುರು ಹೇಳಿ, ಖಾಲಿ ತುದಿಯ ಹಗ್ಗ ಹಿಡಿದ.

ಒಮ್ಮೆ ಕೈ ಸಡಿಲಿಸಿದ. ಎಳೆಗಳು ಸಿಕ್ಕಾದವು.

"ಎಮ್ಮೆ ಹಗ್ಗ ಅಂತ ತಿಳ್ಕೊಂಡ್ರಾ? ಎಳೀರಿ!" ಎಂದು ಕೃತ್ತಿಕಾ ಗದರಿದಳು.

ಬೀದಿಯೇ ನಕ್ಕಿತು. ಅವನು ನಗಲಿಲ್ಲ. ಹಾಸು ಒಣಗುವವರೆಗೂ ಮತ್ತೆ ಬಿಡಲಿಲ್ಲ.

ಸೆಲ್ಲಪ್ಪನ್ ಎಳೆಗಳನ್ನು ಮುಟ್ಟಿ ನೋಡಿದರು. ಬೇರೆ ಊರಿಗೆ ಆಗಲೇ ಕೊಟ್ಟ ಅರ್ಧ ಕೆಲಸವನ್ನು ವಾಪಸು ಕೇಳಲಾಗದು, ಉಳಿದ ಅರ್ಧ ನಿಮ್ಮದೇ ಎಂದರು. ಮಾರಿಮುತ್ತು ಒಳಗೆ ಹೋಗಿ, ತಾವೇ ಬಿಚ್ಚಿದ್ದ ಮಗಳ ಮಗ್ಗದ ಗಂಟುಗಳನ್ನು ಮತ್ತೆ ಬಿಗಿಯತೊಡಗಿದರು.

ಕೃತ್ತಿಕಾ ಕೊಬ್ಬರಿ ಎಣ್ಣೆ ತಂದಳು. ಅವನ ಅಂಗೈ ಸುಲಿದಿತ್ತು. ಸಿಟ್ಟಿನಿಂದಲೇ ಹಚ್ಚಿದಳು, ಅವನು ಹಲ್ಲು ಕಚ್ಚಿಕೊಂಡ.

ಇವನ ಮೇಲೆ ಇಷ್ಟು ಕೋಪ ಬರಲು ಇವನು ನನಗೆ ಯಾರು? ಮೂರು ದಿನದಿಂದ ಮಗ್ಗಕ್ಕಿಂತ ಹೆಚ್ಚು ಇವನನ್ನೇ ಯಾಕೆ ನೆನೆಸಿಕೊಂಡೆ...?

"ನಿಮ್ಮ ಮೇಲಿನ ಕೋಪ ಹೋಗಿಲ್ಲೆ," ಎಂದಳು.

"ಹೋಗೋವರ್ಗೂ ದಿನಾ ಬರ್ತೀನಿ."

ಅವಳ ಬೆರಳು ಅವನ ಅಂಗೈಯಲ್ಲೇ ನಿಂತಿತು.

"ಹೋಗ್ಬಿಟ್ರೆ?"

"ಆಗ ಮನೆಯವ್ರನ್ನ ಕರ್ಕೊಂಡು ಬರ್ತೀನಿ."

ಅವಳು ಕೈ ಬಿಡಲಿಲ್ಲ.

"ಅಮಾಸೆ ದಿನ ಬರ್ಬೇಡಿ," ಎಂದಳು. "ಮಗ್ಗದ ಸದ್ದಿಲ್ದೆ ಅಪ್ಪಂಗೆ ನಾವು ಆಡೋದೆಲ್ಲ ಕೇಳ್ತದೆ."