ಪಕ್ಕ ಕೂತರೆ ದಾರಿ ತಪ್ಪುವ ದೋಣಿ

ಮೂರನೇ ಸಲವೂ ಹಾಗೇ ಆಯಿತು. ಮೆಕ್ಯಾನಿಕ್ ಬಂದು ನನ್ನ ಪಕ್ಕ ಕೂತದ್ದೇ ತಡ, ಅಪ್ಪನ ಹಾಯಿದೋಣಿ ಗಕ್ಕನೆ ಬಲಕ್ಕೆ ತಿರುಗಿತು.

"ಸ್ಟ್ಯಾಂಡ್‌ಬೈ!" ಎಂದು ಕೂಗಿದ.

ಮೊದಲು ಆಟೋಪೈಲಟ್ ಬಿಡಿಸುವ ಆ ಬಟನ್ ಒತ್ತಿ, ಆಮೇಲೆ ಚುಕ್ಕಾಣಿ ಹಿಡಿದೆ. ತಾನೇ ದೋಣಿ ನಡೆಸುವ ಆ ಯಂತ್ರ ಆನ್ ಇರುವಾಗ ಅದರ ಜೊತೆ ಕುಸ್ತಿಗೆ ಇಳಿಯಬಾರದು ಎಂದು ಅವನೇ ಹೇಳಿಕೊಟ್ಟಿದ್ದ. ಅದನ್ನು ಹೊಸದಾಗಿ ಕೂರಿಸಿದವನೂ ಅವನೇ.

"ಭೇಷ್! ಆದ್ರೆ ನಿಮ್ಮ ಹತ್ತಿರ ಬಂದಾಗಲೇ ಯಾಕ್ರೀ ಇದು ಹಿಂಗಾಡುತ್ತೆ?"

"ನನ್ನ ಕೇಳಿದ್ರೆ? ನಾನೇನು ಮಾಟ ಮಾಡಿಸಿದೀನಾ?"

"ಅನುಮಾನ ಇದೆ," ಎಂದು ಓರೆಗಣ್ಣಲ್ಲಿ ನೋಡಿದ. ನನ್ನ ಕಿವಿ ಬಿಸಿಯಾಯಿತು.

ಇವತ್ತು ಸರಿಹೋದರೆ ಅವನ ಕೆಲಸ ಮುಗಿಯಿತು, ನಾಳೆಯಿಂದ ಬರುವುದಿಲ್ಲ. ಹಾಳಾದ್ದು ಕೆಟ್ಟೇ ಇರಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅವನ ಮಣಿಕಟ್ಟು ಕಣ್ಣಿಗೆ ಬಿತ್ತು. ಸ್ಕ್ರೂ ಕಳೆದುಹೋಗದಂತೆ ಅಂಟಿಸಿಕೊಳ್ಳುವ ಮ್ಯಾಗ್ನೆಟ್ ಪಟ್ಟಿ! ಆಟೋಪೈಲಟ್ಟಿಗೆ ದಿಕ್ಕು ಹೇಳುವ ದಿಕ್ಸೂಚಿ ಇರುವುದು ನಾನು ಕೂತ ಬೆಂಚಿನ ಕೆಳಗೇ.

ಹೇಳಲೋ, ಬೇಡವೋ? ನನ್ನ ಊಹೆಯೇ ತಪ್ಪಿದ್ದರೆ?

"ತಪ್ಪು ನಂದೇ ಇರಬೇಕು. ನಿಮ್ಮ ತಂದೆಗೆ ಹೇಳಿ ಈ ಆಟೋಪೈಲಟ್ ಬಿಚ್ಚಿಬಿಡ್ತೀನಿ," ಎಂದು ತಲೆ ತಗ್ಗಿಸಿದ. ಅದನ್ನು ನೋಡಲಾಗಲಿಲ್ಲ.

"ರೀ, ಆ ಪಟ್ಟಿ ತೆಗೀರಿ! ಕೆಳಗೆ ದಿಕ್ಸೂಚಿ ಇದೆ!"

ಹಣೆ ಚಚ್ಚಿಕೊಂಡ. "ಥೂ, ನನ್ನ ಬುದ್ಧಿಗಿಷ್ಟು!" ಪಟ್ಟಿ ಬಿಚ್ಚಿ, ದೂರ ಇಡಲು ದೋಣಿಯ ಆ ತುದಿಗೆ ಓಡಿದ.

"ಸೊಂಟದ ಹಗ್ಗದ ಕೊಕ್ಕೆ ಸಿಕ್ಕಿಸ್ಕೊಳ್ಳಿ! ನೀವು ನೀರಿಗೆ ಬಿದ್ರೂ ದೋಣಿ ಮುಂದಕ್ಕೆ ಹೋಗ್ತಾನೇ ಇರುತ್ತೆ!"

"ನನ್ನ ಪಾಠ ನನಗೇನಾ?" ಎಂದು ನಗುತ್ತಾ ಸಿಕ್ಕಿಸಿಕೊಂಡ.

ಬಂದು ಕೂತ, ಮೊದಲಿಗಿಂತ ಹತ್ತಿರ. ಆಟೋಪೈಲಟ್ ಮತ್ತೆ ಆನ್ ಮಾಡಿದೆ. ದೋಣಿ ಗೆರೆ ಎಳೆದ ಹಾಗೆ ನೇರ ಹೊರಟಿತು! ಕುಣಿಯಬೇಕೆನಿಸಿತು, ಅಳಬೇಕೆಂದೂ.

"ಕೆಲಸ ಮುಗೀತು," ಎಂದ.

"ಹೂಂ."

"ಈ ಆಟೋಪೈಲಟ್ಟಿಗೆ ಕಣ್ಣಿಲ್ಲ. ಯಾರಾದ್ರೂ ಒಬ್ಬರು ಮುಂದೆ ನೋಡ್ತಾ ಇರಲೇಬೇಕು. ಅದಕ್ಕೇ ನಿಮ್ಮ ಮುಖ ನೋಡದೆ ಹೇಳ್ತಿದೀನಿ." ಅವನ ಕಣ್ಣು ನೀರಿನ ಮೇಲೇ ಇತ್ತು. "ಕೆಲಸ ಇಲ್ಲದಿದ್ರೂ ನಾಳೆ ಬರಬೇಕು ಅಂತಿದೀನಿ. ನಿಮಗೋಸ್ಕರ. ನೀವು ಹೂಂ ಅಂದ್ರೆ ನಿಮ್ಮ ತಂದೆ ಹತ್ತಿರ ಮಾತಾಡ್ತೀನಿ."

ನಾನು ಎಡಕ್ಕೆ, ಬಲಕ್ಕೆ, ಎದುರಿಗೆ ಚೆನ್ನಾಗಿ ನೋಡಿದೆ. ಒಂದು ದೋಣಿಯೂ ಇಲ್ಲ.

"ಈಗ ಕಾವಲು ನಂದು," ಎಂದೆ, ನೀರಿನಿಂದ ಕಣ್ಣು ಕೀಳದೆ. "ನೀವು ಈ ಕಡೆ ತಿರುಗಿ, ಇನ್ನೊಂದು ಸಲ ಹೇಳಿ."