ಹುಲ್ಲಿನ ಬಳೆ ತೊಟ್ಟ ಕೊಳ

ಆ ಹುಲ್ಲಿನ ಬೀಜ ಈ ವಾರ ಕೈಗೆ ಸಿಗದಿದ್ದರೆ ಇನ್ನೆಂದೂ ಸಿಗುವಂತಿರಲಿಲ್ಲ. ಬೀಜದ ಕೋಠಿಯ ತಂಪುಪೆಟ್ಟಿಗೆ ಕೆಟ್ಟು, ಜೋಪಾನವಾಗಿಟ್ಟಿದ್ದ ಬೀಜವೆಲ್ಲ ಸತ್ತಿತ್ತು. ಅದು ಬೆಳೆಯುತ್ತಿದ್ದ ಕಡಲ ಬಯಲಿನ ಬೇರೆ ಕೊಳಗಳು ಮಣ್ಣು ತುಂಬಿಸಿಕೊಂಡು ಮನೆಗಳಾಗಿದ್ದವು. ಉಳಿದದ್ದು ಒಂದೇ ಕೊಳ. ಅದಕ್ಕೂ ಸೋಮವಾರ ಮಣ್ಣಿನ ಲಾರಿಗಳು ಬರುವುದಿತ್ತು.

ಹೊರಟವರು ಮೂವರು. ಕೋಠಿಯನ್ನು ನೋಡಿಕೊಳ್ಳುವ ಬೀಜದಕ್ಕ, ಜಮೀನು ಅಳೆಯುವ ಕೆಲಸದ ಅವಳ ಮೈದುನ, ಜೀಪು ಓಡಿಸುವ ಆನೆ. ಆನೆಯೋ ಗಾಳಿ ಬೀಸಿದರೆ ಹಾರಿಹೋಗುವಂಥ ಸಣಕಲ. ಆ ಹೆಸರಿಟ್ಟವರು ಹೊಟ್ಟೆ ತುಂಬ ನಕ್ಕೇ ಇಟ್ಟಿರಬೇಕು. ಮಂಜು ಕವಿದರೆ ಹಾರನ್ ಹೊಡೆಯುತ್ತಿರು ಎಂದು ಅವನಿಗೆ ಹೇಳಿ ದಡದಲ್ಲೇ ಬಿಟ್ಟು, ಅತ್ತಿಗೆ ಮೈದುನ ಒಂದೊಂದು ಚೀಲ ಹಿಡಿದು ಇಳಿದರು.

ಅಂಥ ಕೊಳಕ್ಕೆ ಹಳ್ಳ ಬಂದು ಸೇರುವುದಿಲ್ಲ, ಕೋಡಿ ಹರಿಯುವುದಿಲ್ಲ. ನೀರು ಮರಳಿನಡಿಯಿಂದ ಬಂದು ಮರಳಿನಡಿಗೇ ಹೋಗುತ್ತದೆ. ಅದು ಹಿಂದೆ ಸರಿದ ಹಾಗೆಲ್ಲ ಹುಲ್ಲು ಸುತ್ತುಸುತ್ತಾಗಿ ಏಳುತ್ತದೆ: ದಡದಲ್ಲಿ ಆಳೆತ್ತರ, ಅದರ ಒಳಗೆ ಮೊಣಕಾಲೆತ್ತರ, ಇನ್ನೂ ಒಳಗೆ ಕೂದಲಿನಷ್ಟು ನವುರು. ಬಳೆಯೊಳಗೆ ಬಳೆ ಇಟ್ಟ ಹಾಗೆ. ಆ ದಿನ ಒಂದು ಕಪ್ಪೆ ವಟಗುಟ್ಟಲಿಲ್ಲ, ಒಂದು ಹಕ್ಕಿ ಹಾರಲಿಲ್ಲ. ಗಾಳಿಯಿಲ್ಲದಿದ್ದರೂ ಹುಲ್ಲು ಮಾತ್ರ ಮೆಲ್ಲಗೆ ಅಲುಗುತ್ತಿತ್ತು.

ಇಬ್ಬರೂ ಮಾಗಿದ ತೆನೆಗಳನ್ನು ಬೆರಳಲ್ಲಿ ಸವರಿ ಸವರಿ ಚೀಲಕ್ಕೆ ಹಾಕಿದರು. ಚೀಲ ತುಂಬುತ್ತ ಬಂದಾಗ ಬೀಜದಕ್ಕ ತಿರುಗಿ ನೋಡಿದಳು. ಅವಳ ಹೆಜ್ಜೆಗುರುತುಗಳಲ್ಲಿ ನೀರು ನಿಂತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಅಷ್ಟರಲ್ಲಿ ಹತ್ತಿರದಲ್ಲೇ ಯಾರೋ ಉದ್ದಕ್ಕೆ ಉಸಿರು ಬಿಟ್ಟರು.

ಮೈದುನ ಬೆಚ್ಚಿ ನಿಂತ. ದೂರದಲ್ಲೆಲ್ಲೋ ಮಳೆಯಾಗಿ ಅಡಿನೀರು ಏರುತ್ತಿದೆ, ಮರಳೊಳಗಿನ ಗಾಳಿ ಹೊರಬೀಳುತ್ತಿದೆ ಎಂದು ಅವಳು ಬಿಡಿಸಿ ಹೇಳಿದಳು. ಹೇಳಿದ ಮೇಲೂ ಅವಳ ತೋಳಿನ ಕೂದಲು ನಿಮಿರಿಯೇ ಇತ್ತು.

ಕಡಲ ಕಡೆಯಿಂದ ಮಂಜು ಬಂತು. ದಡ ಅಳಿಸಿಹೋಯಿತು. ಆನೆಯ ಹಾರನ್ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ, ಒಮ್ಮೆ ಕಾಲಡಿಯಿಂದ ಕೇಳಿಸಿತು. ದಿಕ್ಕು ತಪ್ಪಿದರೆ ಎತ್ತರದ ಹುಲ್ಲಿನ ಕಡೆ ನಡೆ, ಅದೇ ದಡ ಎಂಬುದು ಅವರ ಕಸುಬಿನಲ್ಲಿ ಎಲ್ಲರೂ ನಂಬಿದ ಮಾತು. ಅವಳು ಹಾಗೇ ನಡೆದಳು.

ಎತ್ತರದ ಹುಲ್ಲು ಬೇಗ ಸಿಕ್ಕಿತು. ತೀರಾ ಬೇಗ.

"ಅತ್ತಿಗೆ, ನಾವು ಇಷ್ಟು ಹತ್ತಿರದಿಂದ ಬಂದಿರ್ಲಿಲ್ಲ."

"ಸುಮ್ನೆ ನಡಿ."

ನಡೆದ. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಹೂತುಹೋದ. ಅಲುಗಿದಷ್ಟೂ ಇಳಿದ. ಬೀಜದಕ್ಕ ಬಗ್ಗಿ ನೀರೊಳಗೆ ತೋಳಿಳಿಸಿದಳು. ದಡವಾಗಿದ್ದರೆ ಮರಳು ಕೈಗೆ ಒರಟಾಗಿ ತಾಗಬೇಕು. ಇಲ್ಲಿ ಬೆಣ್ಣೆಯಂಥ ಕೆಸರು. ಎಷ್ಟೋ ಕಾಲದ ಸತ್ತ ಬೇರುಗಳು ಕೊಳದ ನಡುವೆ ಗುಪ್ಪೆಯಾಗಿ, ಅದರ ಮೇಲೂ ಆಳೆತ್ತರದ ಹುಲ್ಲು ಬೆಳೆದಿತ್ತು. ಅವರು ನಿಂತದ್ದು ಕೊಳದ ಹೊಟ್ಟೆಯೊಳಗೆ.

ಅವಳು ತನ್ನ ಚೀಲವನ್ನು ಅವನ ಎದೆಯಡಿಗೆ ತಳ್ಳಿದಳು.

"ಬೇಡ ಅತ್ತಿಗೆ, ಬೀಜ ನೆನೆಯುತ್ತೆ."

"ನೆನೀಲಿ. ಬೀಜ ಇಲ್ದೆ ಹೋದ್ರೆ ಯಾರೂ ಕೇಳಲ್ಲ. ನೀನಿಲ್ದೆ ಹೋದ್ರೆ ನಿನ್ನ ಹೆಂಡ್ತಿ ನನ್ನ ಸುಮ್ನೆ ಬಿಡ್ತಾಳಾ? ಮಲ್ಕೋ ಅದರ ಮೇಲೆ."

ಅವನು ಬೋರಲು ಬಿದ್ದ. ಹುಲ್ಲಿನ ಬುಡ ಹಿಡಿದು ಅವಳು ಎಳೆದಳು. ಕೆಸರು ಅವನ ಬೂಟುಗಳನ್ನು ಇಟ್ಟುಕೊಂಡು ಕಾಲುಗಳನ್ನು ಬಿಟ್ಟುಕೊಟ್ಟಿತು. ಚೀಲ ಮಾತ್ರ, ಕೆಳಗೆ ಯಾರೋ ಕೈ ನೀಡಿ ಇಸಿದುಕೊಂಡ ಹಾಗೆ, ಸದ್ದಿಲ್ಲದೆ ಇಳಿದುಹೋಯಿತು.

ಅಷ್ಟರಲ್ಲಿ ಅಡಿನೀರು ಏರಿ ಸುತ್ತಲೂ ತುಂಬಿತ್ತು. ಇನ್ನು ಹೊರಗೆ ಹೋಗಬೇಕೆಂದರೆ ಗುಪ್ಪೆಯಿಂದ ಇಳಿದು ಆಳದ ನೀರನ್ನೇ ದಾಟಬೇಕು. ಮೈದುನ ಅಲ್ಲಾಡಲಿಲ್ಲ.

"ಒಂದ್ಸಲ ನನ್ನ ಮಾತು ಕೇಳಿ ಕೆಟ್ಟೆ," ಎಂದಳು. "ಇನ್ನೊಂದ್ಸಲ ಕೇಳು."

ಅವನ ಬೆನ್ನ ಮೇಲೆ ಉಳಿದಿದ್ದ ಚೀಲವನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಮುಳುಗಿದ ನವುರು ಹುಲ್ಲು ಕಾಲುಗಳನ್ನು ಬಾಚಿತು. ಒಮ್ಮೆ ಹುಲ್ಲಲ್ಲದ್ದೇನೋ ಸವರಿಕೊಂಡು ಹೋಯಿತು. ಇಬ್ಬರಿಗೂ ತಿಳಿಯಿತು, ಇಬ್ಬರೂ ಹೆಜ್ಜೆ ಚುರುಕು ಮಾಡಿದರು. ಆಮೇಲೆ ಅಂಗಾಲಿಗೆ ಮರಳು ಕರಕರ ಎಂದಿತು.

ಜೀಪು ಎದುರಿಗೇ ಇತ್ತು. ಆನೆ ಎಲ್ಲ ಗಾಜು ಏರಿಸಿಕೊಂಡು ಒಳಗೆ ಕೂತಿದ್ದ.

"ಆಗಿನಿಂದ ಜೀಪಿನ ಸುತ್ತಾನೇ ಓಡಾಡ್ತಿದ್ರಲ್ಲ ಅಕ್ಕಾ, ಕರೆದ್ರೆ ಓ ಅನ್ನಬಾರ್ದಾ?"

ಬೀಜದಕ್ಕ ಮೈದುನನ ಮುಖ ನೋಡಿದಳು.

"ಗಾಡಿ ತೆಗಿ," ಎಂದಳು.

ಮರುದಿನ ಕೋಠಿಯಲ್ಲಿ ಹಳೆಯ ಪತ್ರಿಕೆ ಹಾಸಿ ತೆನೆ ಒಣಗಿಸಿದರು, ಉಜ್ಜಿದರು, ತೂರಿದರು. ಹೊಟ್ಟೆಲ್ಲ ಹೋಗಿ ಉಳಿದದ್ದು ಒಂದು ಬೊಗಸೆ, ಸಾಸಿವೆಗಿಂತ ಸಣ್ಣ ಕರಿಬೀಜ. ಬರಿಗಾಲಲ್ಲಿ ಕೂತಿದ್ದ ಮೈದುನ ಅದನ್ನು ಬಹಳ ಹೊತ್ತು ನೋಡಿದ.

"ಇಷ್ಟಕ್ಕಾ ಅತ್ತಿಗೆ?"

"ಇಷ್ಟಿದ್ರೆ ಒಂದು ಕೊಳ ಆಗುತ್ತೆ."

ಅವನು ಎದ್ದು ಹೋಗಿ, ಗಾಳಿ ಬಾರದಂತೆ ಕಿಟಕಿ ಮುಚ್ಚಿದ.